ಬಿಳಿ ಸಮವಸ್ತ್ರ ಒದ್ದೆಯಾದ ದಿನ

ಸ್ಪೇನಿನ ಮಾಲಗಾ ಊರಿನ ಕಡಲ ಎದುರಿನ ಬಸ್‌ಸ್ಟಾಪಿನಲ್ಲಿ, ಹೋಟೆಲಿನ ಕೋಣೆಗಳನ್ನು ಗುಡಿಸಿ ಬಂದ ಡೆಲ್ಮಿರಾ ಕಾಲು ಚಾಚಿ ಕೂತಿದ್ದಳು. ಪಕ್ಕದಲ್ಲಿ ಬಂದು ನಿಂತ ಇಬ್ಬರು ಹೆಂಗಸರ ಮಾತಿನ ಧಾಟಿಯಿಂದಲೇ, ಅವರೂ ತನ್ನಂತೆ ಪರಾಗ್ವೆಯವರೆಂದು ತಿಳಿಯಿತು. ಕಿರಿಯವಳು ತೊಟ್ಟಿದ್ದ, ಮನೆಗಳಲ್ಲಿ ಮುದುಕರನ್ನು ನೋಡಿಕೊಳ್ಳುವವರ ಬಿಳಿ ಸಮವಸ್ತ್ರದಿಂದ ನೀರು ತೊಟ್ಟಿಕ್ಕುತ್ತಿತ್ತು.

"ಬಟ್ಟೆ ಸಮೇತ ಸಮುದ್ರಕ್ಕಿಳಿದ್ಯಾ? ತಲೆ ಕೆಟ್ಟಿದ್ಯೇನೇ, ಸುನಿಲ್ಡಾ?"

"ಅಜ್ಜಿ ನೀರಿಗೆ ಕರ್ಕೊಂಡು ಹೋಗು ಅಂದ್ರು, ಅಕ್ಕಾ. ಎತ್ಕೊಂಡು ಹೋದೆ."

"ಅವರ ಮಗಳು ನೋಡಿದ್ಲಾ?"

"ಕೊಡೆ ಕೆಳಗಿಂದಾನೇ ಕಿರುಚಿದ್ಲು. ಕೆಲಸದವರು ಮರಳಲ್ಲಿ ನಿಂತಿರ್ಬೇಕು, ನೀರಿಗಿಳಿಯೋದು ಮನೆಯವರು ಮಾತ್ರ ಅಂತೆ. ಸಮುದ್ರ ಏನು ನಿಮ್ಮಪ್ಪನ ಆಸ್ತಿನಾ ಅಂದೆ."

"ಅಯ್ಯೋ ದೇವ್ರೇ!"

"ಒದ್ದೆ ಬಟ್ಟೇಲಿ ಕಾರು ಹತ್ಬೇಡ ಅಂತ ಬಿಟ್ಟು ಹೋದ್ಲು."

"ಹೋದ ತಕ್ಷಣ ತಪ್ಪಾಯ್ತು ಅನ್ನು. ಮಲಗೋಕೂ ಅದೇ ಮನೆ ತಾನೇ ನಿಂಗೆ?"

"ಅನ್ನಲ್ಲ. ಅವರಮ್ಮನ ಹೇಲು ಉಚ್ಚೆ ಬಳಿಯೋವಾಗ ನೀನು ಮನೆಮಗಳ ಥರ ಅಂತಾಳೆ. ನೀರು ಕಂಡ ಕೂಡ್ಲೇ ಕೆಲಸದವಳಾ?"

"ಹೊರಗೆ ಹಾಕಿದ್ರೆ?"

"ಹಾಕ್ಲಿ. ಸಮುದ್ರಾನೇ ಇಲ್ದಿರೋ ದೇಶದಿಂದ ಬಂದು, ಐದು ವರ್ಷ ದಡದಲ್ಲೇ ನಿಂತಿದ್ದೀನಿ ಅಕ್ಕಾ. ನಾಳೆ ಅಜ್ಜಿ ಕೇಳಿದ್ರೆ ನಾಳೇನೂ ಇಳೀತೀನಿ."

ಬಸ್ಸು ಬಂದಿತು. ಅಕ್ಕನ ಹಿಂದೆ ಹತ್ತಿದ ಸುನಿಲ್ಡಾಳನ್ನು ಡ್ರೈವರು ಮೇಲಿಂದ ಕೆಳಗೆ ನೋಡಿದ.

"ಒದ್ದೆ ಬಟ್ಟೇಲಿ ಸೀಟಲ್ಲಿ ಕೂರ್ಬೇಡಮ್ಮಾ. ನಿಂತ್ಕೊಂಡೇ ಬಾ."

"ನಿಂತಿದ್ದು ಸಾಕಾಯ್ತಪ್ಪಾ," ಎಂದವಳೇ ಮುಂದಿನ ಸೀಟಿನಲ್ಲೇ ಕೂತಳು.

ಅದು ತಾನೂ ಹತ್ತಬೇಕಿದ್ದ ಬಸ್ಸೆಂಬುದು ಡೆಲ್ಮಿರಾಳಿಗೆ ನೆನಪಾದದ್ದು, ಬಸ್ಸು ತಿರುವು ದಾಟಿ ಮರೆಯಾದ ಮೇಲೆಯೇ.