ಯಾವ ‘ಕೇಳು’?

ಮಾನ್ಯ ಅಧ್ಯಕ್ಷರೇ, ಕೆಲಸ ಮುಗಿಸಿ ಮನೆಗೂ ಹೋಗದೆ ನೇರ ಇಲ್ಲಿಗೆ ಬಂದಿರುವ ಅತಿಥಿಗಳೇ, ನಮ್ಮ ಸಂಜೆ ಇಂಗ್ಲಿಷ್ ತರಗತಿಯ ವಿದ್ಯಾರ್ಥಿಗಳೇ, ವಾರಕ್ಕೆ ಮೂರು ಸಂಜೆ ಅವರನ್ನು ನಮಗೆ ಬಿಟ್ಟುಕೊಡುವ ಮನೆಯವರೇ,

ವಾರ್ಷಿಕೋತ್ಸವದಲ್ಲಿ ವ್ಯಾಕರಣ ಯಾರಿಗೆ ಬೇಕು? ಆದರೆ ಕಾರ್ಯದರ್ಶಿಗಳು ಪಟ್ಟು ಹಿಡಿದರು. ‘ಹತ್ತೇ ನಿಮಿಷ ಮೇಡಂ. ಒಂದೇ ಥರ ಕಾಣೋ ಇಂಗ್ಲಿಷ್ ಕ್ರಿಯಾಪದಗಳಲ್ಲಿ ಯಾವುದನ್ನ ಎಲ್ಲಿ ಹಾಕಬೇಕು ಅಂತ ಹೇಳಿಬಿಡಿ’ ಎಂದರು. ಹನ್ನೊಂದು ವರ್ಷದಿಂದ ಹೇಳಿ ಮುಗಿಯದ್ದನ್ನು ಹತ್ತು ನಿಮಿಷದಲ್ಲಿ ಹೇಳಬೇಕು. ಇರಲಿ.

ನಮ್ಮ ‘ಕೇಳು’ ಎಂಬ ಪದವನ್ನೇ ನೋಡಿ. ಎಷ್ಟು ಧಾರಾಳಿ ಅದು! ಸದ್ದು ಕಿವಿಗೆ ಬಿದ್ದರೂ ಕೇಳುವುದೇ, ಮನಸ್ಸಿಟ್ಟು ಆಲಿಸಿದರೂ ಕೇಳುವುದೇ, ಪ್ರಶ್ನೆ ಹಾಕಿದರೂ ಕೇಳುವುದೇ. ಇಂಗ್ಲಿಷಿನಲ್ಲಿ ಈ ಮೂವರೂ ಬೇರೆ ಬೇರೆ ಒಲೆ ಹೂಡಿದ್ದಾರೆ: ಹಿಯರ್, ಲಿಸನ್, ಆಸ್ಕ್.

ಮೊದಲ ಸಾಲಿನಲ್ಲಿ ಕೂತು ಆಗಲೇ ನಗುತ್ತಿರುವ ನಮ್ಮ ಕಂಡಕ್ಟರು ಒಮ್ಮೆ ಪರದೇಶದ ಪ್ರಯಾಣಿಕರೊಬ್ಬರಿಗೆ ‘ಟಿಕೆಟ್ ಕೇಳಿ’ ಎನ್ನಲು ಹೋಗಿ, ‘ಲಿಸನ್ ಟಿಕೆಟ್ ಸರ್, ಲಿಸನ್ ಟಿಕೆಟ್’ ಎಂದರಂತೆ. ಆ ಪುಣ್ಯಾತ್ಮರು ಹಿಂದಿನ ಬಸ್ಸಿನ ಟಿಕೆಟನ್ನು ಜೇಬಿನಿಂದ ತೆಗೆದು ಕಿವಿಗೆ ಹಿಡಿದರಂತೆ. ‘ಏನೂ ಕೇಳಿಸ್ತಿಲ್ಲ ಅಂತ ತಲೆ ಅಲ್ಲಾಡಿಸಿದ್ರು ಮೇಡಂ!’

ನಗಿ, ನಗಿ. ನಾನೂ ನಕ್ಕಿದ್ದೆ, ಕಳೆದ ತಿಂಗಳ ಪರೀಕ್ಷೆಯವರೆಗೆ.

ಆ ಪರೀಕ್ಷೆಯಲ್ಲಿ ನಮ್ಮ ಟೈಲರ್ ಅಕ್ಕ ತಮ್ಮ ಬಾಲ್ಯದ ಬಗ್ಗೆ ಬರೆದರು. ‘ಓದ್ತೀಯಾ ಎಂದು ನನ್ನನ್ನು ಯಾರೂ ಕೇಳಲಿಲ್ಲ’ ಎನ್ನುವ ಕಡೆ ‘ನೋಬಡಿ ಲಿಸನ್ಡ್ ಮಿ’ ಎಂದಿತ್ತು. ನಾನು ಕೆಂಪು ಶಾಯಿಯಲ್ಲಿ ಹೊಡೆದು ‘ಆಸ್ಕ್ಡ್’ ಎಂದು ತಿದ್ದಿದೆ. ಅವರು ಉತ್ತರಪತ್ರಿಕೆ ಹಿಡಿದು ಬಂದು ನಿಂತರು.

‘ಮೇಡಂ, ನನ್ನನ್ನ ಯಾರೂ ಕೇಳ್ಲಿಲ್ಲ. ನಾನು ಹೇಳಿದ್ದನ್ನೂ ಯಾರೂ ಕೇಳ್ಲಿಲ್ಲ. ಎರಡಕ್ಕೂ ಸೇರಿಸಿ ಒಂದು ಮಾತು ಅವರಲ್ಲಿ ಇಲ್ವಾ?’

ಇಲ್ಲ ಎಂದೆ. ‘ಪಾಪ’ ಎಂದು ಹೋಗಿ ಕೂತರು.

ಅವತ್ತು ಉಳಿದ ಪಾಠ ನನ್ನಿಂದಾಗಲಿಲ್ಲ. ಯಾಕೆ? ನನಗೊಬ್ಬ ಮಗಳಿದ್ದಾಳೆ. ಎರಡು ವರ್ಷದ ಹಿಂದೆ ಕಾನೂನು ಓದುವುದನ್ನು ಅರ್ಧಕ್ಕೆ ಬಿಟ್ಟು ಮರಗೆಲಸ ಕಲಿಯುತ್ತೇನೆ ಎಂದಳು. ಅವಳು ಹೇಳಿದ್ದಷ್ಟನ್ನೂ ಕೇಳಿ ನಾನು ಒಂದೊಂದಕ್ಕೂ ಉತ್ತರ ಕೊಟ್ಟೆ. ನನ್ನ ಉತ್ತರಗಳು ಚೆನ್ನಾಗಿಯೇ ಇದ್ದವು. ಚೀಲ ಹೆಗಲಿಗೇರಿಸಿ ಬಾಗಿಲಲ್ಲಿ ನಿಂತು ಅವಳೆಂದಳು: ‘ಅಮ್ಮ, ನೀನು ಕೇಳ್ಲೇ ಇಲ್ಲ.’

‘ಕೇಳ್ದೆನಲ್ಲೇ! ನನ್ನ ಕಿವಿಗೇನಾಗಿದೆ?’ ಎಂದೆ.

ಅಲ್ಲಿಂದ ಈಚೆಗೆ ನಮ್ಮ ಫೋನು ‘ಹೇಗಿದ್ದೀಯ’, ‘ಇದ್ದೀನಿ’ಗೆ ಮುಗಿಯುತ್ತಿತ್ತು. ಹನ್ನೊಂದು ವರ್ಷ ಮೂರು ಕ್ರಿಯಾಪದ ಕಲಿಸಿದವಳು ನನ್ನ ಮಗಳ ಒಂದು ಕ್ರಿಯಾಪದವನ್ನು ತಪ್ಪಾಗಿ ಅರ್ಥ ಮಾಡಿಕೊಂಡಿದ್ದೆ.

ಕ್ಷಮಿಸಿ, ವಿಷಯ ಎಲ್ಲಿಗೋ ಹೋಯಿತು. ಹೋಗಿದ್ದು ಹೋಯಿತು, ಮುಗಿಸಿಯೇ ಬಿಡುತ್ತೇನೆ. ಟೈಲರ್ ಅಕ್ಕ ಹಾಗೆ ಕೇಳಿದ ಸಂಜೆಯೇ ಮಗಳಿಗೆ ಫೋನು ಮಾಡಿದೆ. ‘ಅವತ್ತು ಕೇಳ್ಲೇ ಇಲ್ಲ ಅಂದ್ಯಲ್ಲ, ಅದು ಯಾವ ಕೇಳು?’

ಆ ಕಡೆಯಿಂದ ನಗು. ‘ಅಯ್ಯೋ ಅಮ್ಮ, ಇದಕ್ಕೂ ವ್ಯಾಕರಣಾನಾ? ಬಂದು ಹೇಳ್ತೀನಿ, ಇರು.’

ಬಂದಿದ್ದಾಳೆ. ಹೋದ ವರ್ಷ ಇಲ್ಲಿ ಮಾತಾಡಿದವರಿಗೆ ಈ ಮೇಜು ಎಷ್ಟು ಕುಂಟುತ್ತಿತ್ತು ಎಂಬುದು ನೆನಪಿರಬೇಕು. ಇವತ್ತು ಅಲುಗುತ್ತಿಲ್ಲ, ಗಮನಿಸಿದಿರಾ? ಸಭೆ ಸೇರುವ ಮೊದಲು ಅವಳು ಮಂಡಿಯೂರಿ ಕೂತು, ಇದರ ಕಾಲಿಗೆ ಒಂದು ಚಕ್ಕೆ ಮರ ಹೊಡೆದಳು. ನಾನು ಪಕ್ಕದಲ್ಲೇ ನಿಂತಿದ್ದೆ. ಈ ಕೆಲಸ ನಿನಗೆ ಯಾಕೆ ಇಷ್ಟ ಎಂದು ಕೇಳಬೇಕೆಂದುಕೊಂಡೆ. ಅಷ್ಟರಲ್ಲಿ ಕಾರ್ಯದರ್ಶಿಗಳು ಕರೆದರು.

ಅವಳೀಗ ಕೊನೆಯ ಸಾಲಿನಲ್ಲಿ, ಟೈಲರ್ ಅಕ್ಕನ ಪಕ್ಕದಲ್ಲಿ ಕೂತಿದ್ದಾಳೆ. ಹತ್ತು ನಿಮಿಷವೂ ಆಯಿತು. ನೀವೆಲ್ಲ ಇಷ್ಟು ಹೊತ್ತು ಕೇಳಿದಿರಿ, ನಿಮಗೆ ಋಣಿ. ಇನ್ನು ಕೇಳುವ ಸರದಿ ನನ್ನದು. ಕೆಳಗಿಳಿಯಲು ಅಪ್ಪಣೆ ಕೊಡಿ.

ನಮಸ್ಕಾರ.