ಒಂಟಿಕಾಲಿನ ಟಿವಿ

ಮರ್ಫಿ ಟೌನಿನ ಆ ವಠಾರದಲ್ಲಿ ಸಂಜೆ ಧಾರಾವಾಹಿಯ ಹೊತ್ತಿಗೆ ಎಲ್ಲರೂ ಯಂಕಮ್ಮಜ್ಜಿಯ ಕೋಣೆಯಲ್ಲಿ ಸೇರುತ್ತಿದ್ದರು. ಅಂದು ಮಳೆ ತಗಡಿನ ಸೂರಿನ ಮೇಲೆ ಬಡಿಯುತ್ತಿರುವಾಗಲೇ ಕರೆಂಟು ಹೋಯಿತು. ಮಂಚದ ಮೇಲೆ ಈರೇಶ ಕಾಲು ಚಾಚಿ ಕೂತಿದ್ದ, ಪಕ್ಕದಲ್ಲಿ ಅವನ ತಾಯಿ. ಈಚೆಗಷ್ಟೇ ಅವನನ್ನು ಮದುವೆಯಾಗಿ ಬಂದಿದ್ದ ರೇವತಿ ಎಂದಿನಂತೆ ಬಾಗಿಲಿಗೆ ಒರಗಿ ನಿಂತಿದ್ದಳು. ಪಕ್ಕದ ತಮ್ಮ ಕೋಣೆಯಲ್ಲಿ ಒಲೆಯ ಮೇಲೆ ಸಾರಿತ್ತು; ಅದನ್ನೂ ನೋಡಬೇಕು, ಇದನ್ನೂ ನೋಡಬೇಕು. ಒಳಗೆ ಜಾಗವಿಲ್ಲ ಎಂದೇನಲ್ಲ. ಬಾ ಎಂದು ಗಂಡ ಒಮ್ಮೆಯೂ ಅಂದಿರಲಿಲ್ಲ, ಅಷ್ಟೆ. ಅವಳೂ ಕೇಳಿರಲಿಲ್ಲ.

ಅಜ್ಜಿ ಬುಡ್ಡಿ ಹಚ್ಚಿ ಟ್ರಂಕಿನ ಮೇಲಿದ್ದ ಟಿವಿಯ ಪಕ್ಕ ಇಟ್ಟಳು. ಮೂಲೆಗಳೇ ಇಲ್ಲದ ದುಂಡನೆಯ ತೇಗದ ಪೆಟ್ಟಿಗೆ. ಅಡಿಯಲ್ಲಿ ಗರಗಸ ಕುಯ್ದ ಕಾಲಿನ ಮೋಟು. ಇದರ ಕಾಲು ಯಾರು ತಿಂದರಜ್ಜಿ ಎಂದು ಈರೇಶ ತಮಾಷೆ ಮಾಡಿದ. ಅಜ್ಜಿ ನಗಲಿಲ್ಲ.

"ಇದು ನನ್ನ ಮಗಳು ಸುಜಾತಂದು ಕಣಪ್ಪ. ನಮ್ಮೆಜಮಾನ್ರು ತೋಟದ ಕೆಲಸಕ್ಕಿದ್ದ ಕಂಟೋನ್ಮೆಂಟ್ ಬಂಗಲೆಯವರು ಖಾಲಿ ಮಾಡ್ವಾಗ ಕೊಟ್ಟ ಫಾರಿನ್ ಸಾಮಾನು. ಕಮಲದ ದಂಟಿನ ಹಾಗೆ ಒಂದೇ ಕಾಲು, ಬೆರಳಲ್ಲಿ ತಳ್ಳಿದ್ರೆ ಪೆಟ್ಟಿಗೆ ಸುತ್ತ ತಿರುಗೋದು. ಮದುವೇಲಿ ಅವಳಿಗೇ ಕೊಟ್ವಿ. ಪಾತ್ರೆಗೆಲ್ಲ ಹೆಸರು ಹೊಡೆಸ್ತೀವಲ್ಲ, ಹಂಗೇ ಪಾತ್ರೆ ಅಂಗಡಿಯವನ ಕೈಲಿ ಆ ಕಾಲಿನ ಹಿತ್ತಾಳೆ ಪಟ್ಟಿ ಮೇಲೂ ಚುಕ್ಕಿ ಚುಕ್ಕಿಯಾಗಿ ಸುಜಾತಾ ಅಂತ ಹೊಡೆಸಿದ್ದೆ... ಹೆಸರು ಹಾಕಿಸಿದ್ರೆ ವಸ್ತು ಅವಳದಾಗುತ್ತೆ ಅಂದ್ಕೊಂಡೆ. ಎಲ್ಲಿ ಆಗುತ್ತೆ?

"ಹಲಸೂರಿನ ಅವರ ಮನೇಲಿ ಅವಳು ಒಂದು ದಿನಾನೂ ಅದರ ಮುಂದೆ ಕೂತಿದ್ದು ನಾನು ಕಾಣೆ. ಗಂಡ ಲಕ್ಷ್ಮಿಕಾಂತ, ಅವನ ಸ್ನೇಹಿತರು, ಅವರಿಗೆ ಬೋಂಡ, ಅವರಿಗೆ ಕಾಫಿ. ಇವಳು ಅಡುಗೆಮನೆ ಬಾಗಿಲಲ್ಲಿ ನಿಂತು ನೋಡೋಕೆ ಅಂತ ಟಿವೀನ ಒಂಚೂರು ತನ್ನ ಕಡೆ ತಿರುಗಿಸ್ಕೊಳ್ಳೋಳು. ಅವನು ಎದ್ದು ವಾಪಸ್ ತಿರುಗಿಸೋನು. ಇವಳು ಮತ್ತೆ... ವರ್ಷಗಟ್ಲೆ ಇದೊಂದೇ ಜಗಳ ಕಣ್ರೀ. ಕೊನೆಗೆ ಒಂದಿನ ಅವಳಿಗೆ ಮೈ ಸುಡೋ ಜ್ವರ, ಆಸ್ಪತ್ರೆಗೆ ಕರ್ಕೊಂಡ್ಹೋಗು ಅಂದ್ರೆ ಮ್ಯಾಚು ಮುಗೀಲಿ ಅಂದ. ಬಾಣಲೆ ಮುಂದೇನೇ ಬಿದ್ಲು. ಎಣ್ಣೆ ಸುಟ್ಟ ವಾಸನೆ ನಡುಮನೆಗೆ ಬಂದ್ಮೇಲೆ ಇವರಿಗೆ ಗೊತ್ತಾಯ್ತು... ನನ್ನ ಮಗಳು ಸತ್ತಿದ್ದು."

ರೇವತಿ ನೋಡಿಕೊಂಡಳು, ಕೈಯಲ್ಲಿದ್ದ ಸೌಟನ್ನು ಬೆರಳು ಬೆಳ್ಳಗಾಗುವಷ್ಟು ಬಿಗಿಹಿಡಿದಿದ್ದಳು.

"ವರ್ಷ ತುಂಬೋದ್ರೊಳಗೆ ಅವನಿಗೆ ಎರಡನೇ ಮದುವೆ, ಕಲ್ಯಾಣ ನಗರದಲ್ಲಿ ಹೊಸ ಮನೆ. ಹಾಲಿನ ಗೋಡೆ ತುಂಬ ಶೋಕೇಸು, ಒಳಗೆ ಪುಟ್ಟ ಪುಟ್ಟ ಲೈಟು, ಎದುರಿಗೆ ದೊಡ್ಡ ಸೋಫಾ. ಹಳೇದೆಲ್ಲ ಬಿಸಾಕಿದ, ಇದನ್ನ ಬಿಡ್ಲಿಲ್ಲ. ಇಂಥ ಡಿಸೈನು ಈಗ ಹುಡುಕಿದ್ರೂ ಸಿಗಲ್ಲ ಸರ್, ಹಾಲಿಗೆ ಇದೇ ಶೋಭೆ ಅಂತ ಒಳಾಲಂಕಾರದೋನು ಹೇಳಿದ್ನಂತೆ. ನಾನು ಹೋಗಿ, ನನ್ನ ಮಗಳ ವಸ್ತು ಕೊಡಪ್ಪ ಅಂದೆ. ಬಾಗಿಲಲ್ಲೇ ನಿಲ್ಲಿಸಿ ಕಳಿಸ್ದ.

"ಅವತ್ತಿಂದ ಅದು ತಿರುಗೋಕೆ ಶುರು. ಸೋಫಾ ಕಡೆ ಇಟ್ರೆ, ಸಂಜೆ ಹೊತ್ತಿಗೆ ಮುಖ ಅಡುಗೆಮನೆ ಕಡೆ. ನಾನು ಮುಟ್ಟಿಲ್ಲ ಅಂತ ಹೊಸ ಹೆಂಡತಿ ಅತ್ರೂ ಏಟು ತಪ್ಪಲಿಲ್ಲ. ಕೊನೆಗೆ ಬಡಗೀನ ಕರೆಸಿ, ಹೆಸರಿದ್ದ ಕಾಲು ಕುಯ್ಸಿ ಪಕ್ಕದ ಖಾಲಿ ಸೈಟಿಗೆ ಎಸೆದು, ಪೆಟ್ಟಿಗೇನ ಶೋಕೇಸಿನ ಗೂಡಲ್ಲಿ ಸ್ಕ್ರೂ ಹೊಡೆಸಿ ಕೂರಿಸ್ದ. ಈಗ ತಿರುಗು ನೋಡೋಣ ಅಂದ್ನಂತೆ... ಯಾರಿಗಂದ? ಟಿವಿಗಾ?

"ಆ ಭಾನುವಾರ ಮ್ಯಾಚು. ಸೋಫಾ ತುಂಬ ಜನ. ಗೂಡಿನ ಬಾಗಿಲು ತೆಗೀತಾನೆ... ಟಿವಿ ಬೆನ್ನು. ವೈರು, ಧೂಳು, ಬೆನ್ನು. ಸ್ಕ್ರೂ ಹಾಕಿದ್ದು ಹಾಕಿದ್ಹಾಗೇ ಇದೆ, ಮುಖ ಮಾತ್ರ ಗೋಡೆಗೆ. ಆ ಗೋಡೆ ಆಚೆ ಏನಿತ್ತು ಹೇಳಿ? ಅಡುಗೆಮನೆ. ಒಲೆ ಹಚ್ಚಿಲ್ಲ, ಒಳಗೆ ಯಾರೂ ಇಲ್ಲ, ಎಣ್ಣೆ ಚುರುಗುಟ್ಟೋ ಸದ್ದು ಬರ್ತಿದೆ... ಅವನು ಸೋಫಾ ಮೇಲೆ ಕುಸಿದ. ಕುಸಿದೋನು ಹಂಗೇ ಎದ್ದ, ಯಾರೋ ರಟ್ಟೆ ಹಿಡಿದು ಎಬ್ಬಿಸಿದ ಹಾಗೆ. ಅವತ್ತಿಂದ ಅವನಿಗೆ ಕೂರಕ್ಕಾಗಿಲ್ಲ. ಊಟ ನಿಂತೇ. ಡಾಕ್ಟ್ರು ನರ ಅಂದ್ರು. ಟಿವೀನ ಆಟೋದಲ್ಲಿ ಹಾಕಿ ನನಗೆ ಕಳಿಸ್ಬಿಟ್ಟ. ಈಗ್ಲೂ ಹೋಗಿ ನೋಡಿ... ಅಡುಗೆಮನೆ ಬಾಗಿಲಲ್ಲಿ ನಿಂತಿರ್ತಾನೆ."

ಈರೇಶ ನಕ್ಕ. "ಮತ್ತೆ ಇಲ್ಲಿ ಯಾಕೆ ತಿರುಗಿಲ್ಲ ಅಜ್ಜಿ?"

"ಒಂದಷ್ಟು ದಿನ ಸಹಿಸ್ತಾಳಪ್ಪ. ನನ್ನ ಮಗಳಲ್ವಾ."

ಆಗ ಕರೆಂಟು ಬಂತು. ಧಾರಾವಾಹಿಯ ನೀಲಿ ಬೆಳಕು ಮಂಚದ ಮೇಲೆ ಬೀಳಲಿಲ್ಲ. ನೇರ ಬಾಗಿಲಿಗೆ, ರೇವತಿಯ ಮುಖಕ್ಕೆ ಬಿತ್ತು. ಟಿವಿಯನ್ನು ಯಾರೂ ಮುಟ್ಟಿರಲಿಲ್ಲ. ಮಂಚದಲ್ಲಿ ಒಂದು ಜಾಗ ಮಾತ್ರ ಖಾಲಿಯಾಗಿತ್ತು. ಈರೇಶ ಎದ್ದು ನಿಂತಿದ್ದ, ತನ್ನ ಮೊಣಕಾಲುಗಳನ್ನೇ ನೋಡುತ್ತ.

"ನಾನಾಗಿ ಏಳ್ಲಿಲ್ಲ" ಎಂದ, ಸಣ್ಣ ದನಿಯಲ್ಲಿ.

ರೇವತಿ ಸೌಟನ್ನು ಅವನ ಕೈಗೆ ಕೊಟ್ಟು ಒಳಗೆ ಬಂದಳು.

"ಕೂತ್ಕೋ ಮಗಳೇ" ಎಂದಳು ಯಂಕಮ್ಮಜ್ಜಿ, ಬುಡ್ಡಿ ಆರಿಸುತ್ತ. "ಅವನು ನಿಂತಿರ್ಲಿ. ಮೊದಮೊದಲು ಕಷ್ಟ... ಆಮೇಲೆ ಅಭ್ಯಾಸ ಆಗುತ್ತೆ."