ಅಂತಿಮ ದರ್ಶನದ ಮನೆಯಲ್ಲಿ ಪೈಥಾನ್ ಪರೀಕ್ಷೆ

ವೇದಿಕೆಯ ಮೇಲಿರುವ ಅಧ್ಯಕ್ಷರೇ, ದಾರಿಯಲ್ಲಿ ಬಸ್ಸು ಕೆಟ್ಟರೂ ಬಂದು ಸೇರಿದ ಅತಿಥಿಗಳೇ, ಇಂದು ಸನ್ಮಾನಗೊಳ್ಳುತ್ತಿರುವ ನದಿ ವೀಕ್ಷಣಾ ಕಚೇರಿಯ ನೆರೈದಾ ಲೆಸ್ಕಾಯ್ ಅವರೇ, ಸಾಂತಾ ರುಫಿನಾದ ಸಭಿಕರೇ,

ತೀರಿಕೊಂಡವರನ್ನು ಮಣ್ಣಿಗೆ ಒಯ್ಯುವ ಮುಂಚೆ ಇರಿಸುವ ಈ ಊರಿನ ಅಂತಿಮ ದರ್ಶನದ ಮನೆಯ ಮೇಲ್ವಿಚಾರಕ, ಫಿದೆನ್ಸಿಯೊ ನಾನು. ನಾನು ಮಾತಿಗೆ ನಿಂತರೆ ಜನ ಅಭ್ಯಾಸಬಲದಿಂದ ಟೋಪಿ ತೆಗೆಯುತ್ತಾರೆ. ದಯವಿಟ್ಟು ಹಾಕಿಕೊಳ್ಳಿ. ನಾನು ಹೊಗಳಬೇಕಾದವರು ಎದುರಿಗೇ ಕುಳಿತು ಕೇಳಿಸಿಕೊಳ್ಳುತ್ತಿರುವುದು ನನ್ನ ವೃತ್ತಿಯಲ್ಲಿ ಇದೇ ಮೊದಲು. ಸ್ವಲ್ಪ ಗಾಬರಿಯೂ ಆಗಿದೆ.

ನೆರೈದಾ ಅವರು ನಮ್ಮ ಹೊಳೆಯ ಹಳೆಯ ಅಳತೆಗಳನ್ನೆಲ್ಲ ಕಂಪ್ಯೂಟರಿಗೆ ತುಂಬಿದ್ದರು. ಪ್ರವಾಹ ಬಂದರೆ ನೀರು ಎಲ್ಲಿಯವರೆಗೆ ಏರಬಹುದು ಎಂದು ಅದರಿಂದ ತಿಳಿಯಲು ಪೈಥಾನ್ ಎಂಬ ಕಂಪ್ಯೂಟರ್ ಭಾಷೆಯ ಒಂದು ದತ್ತಾಂಶ ವಿಶ್ಲೇಷಣೆಯ ಪ್ಯಾಕೇಜು ಬೇಕಿತ್ತು. ನಮ್ಮ ಇಂಟರ್‌ನೆಟ್ಟಿನ ಯೋಗ್ಯತೆ ನಿಮಗೇ ಗೊತ್ತು. ಹವಾನಾದಿಂದ ಬಸ್ ಚಾಲಕನ ಜೇಬಿನಲ್ಲಿ ಪೆನ್‌ಡ್ರೈವ್ ಬಂತು. ಹಾಕಿದರೆ, ನನಗಿಂತ ಮೊದಲು ಇನ್ನೊಂದು ಪ್ಯಾಕೇಜು ಬೇಕು ಎಂದಿತು ಅದು. ಅದನ್ನು ತರಿಸಿದರೆ ಅದಕ್ಕೂ ಇನ್ನೊಂದು ಬೇಕು. ರೇಷನ್ ಬ್ರೆಡ್ಡಿಗೆ ಸಾಲು ನಿಂತವರಿಗೆ ಈ ಕಷ್ಟ ಬಿಡಿಸಿ ಹೇಳಬೇಕೆ?

ಅಂತೂ ಇನ್‌ಸ್ಟಾಲ್ ಆಯಿತು. ಆದರೆ ಲೆಕ್ಕ ಸರಿಯಾಗಿ ಮಾಡುತ್ತದೆಯೇ ಎಂದು ನೋಡಲು ಅದರ ಜೊತೆಗೇ ಬರುವ ಪರೀಕ್ಷೆಗಳೆಲ್ಲ ಪಾಸಾಗದೆ ನಂಬುವುದಿಲ್ಲ ಎಂದು ನೆರೈದಾ ಪಟ್ಟು ಹಿಡಿದರು. ಪರೀಕ್ಷೆ ಅರ್ಧವಾಗುವಷ್ಟರಲ್ಲಿ ಕರೆಂಟು ಹೋಗುತ್ತಿತ್ತು. ಆಸ್ಪತ್ರೆಯ ಲೈನಿನಲ್ಲಿದ್ದು ಕರೆಂಟು ಹೋಗದ ಇನ್ನೊಂದು ಕಟ್ಟಡ ಊರಿನಲ್ಲಿ ಯಾವುದಿದೆ? ನನ್ನದು!

“ಫಿದೆನ್ಸಿಯೊ, ಒಂದು ಪ್ಲಗ್ ಕೊಡ್ತೀರಾ?”

“ಕೊಡ್ತೀನಿ ಕಣಮ್ಮ. ಆದ್ರೆ ಪಕ್ಕದ ಹಾಲ್‌ನಲ್ಲಿ ಇವತ್ತು ಯಜಮಾನ್ರೊಬ್ರು ಮಲಗಿದಾರೆ.”

“ಅವ್ರಿಗೇನೂ ತೊಂದ್ರೆ ಇಲ್ಲ ತಾನೆ?”

ಪಾಸಾದ ಪ್ರತಿ ಪರೀಕ್ಷೆಗೂ ತೆರೆಯ ಮೇಲೆ ಒಂದು ಚುಕ್ಕಿ. ಸಾವಿನ ಮನೆಯವರು ಒಬ್ಬೊಬ್ಬರೇ ಬಂದು ನೋಡತೊಡಗಿದರು. ಕೊನೆಗೆ ತೀರಿಕೊಂಡವರ ಹೆಂಡತಿಯೇ ಕುರ್ಚಿ ಎಳೆದುಕೊಂಡು ಬಂದರು. ನಾನು ಎಲ್ಲರಿಗೂ ಕಾಫಿ ಕೊಟ್ಟೆ. ನೆರೈದಾ ಅವರಿಗೆ ಸಕ್ಕರೆ ಜಾಸ್ತಿ ಬೇಕು. ನನಗೆ ಹೇಗೆ ಗೊತ್ತೆಂದು ಯಾರೂ ಕೇಳಬೇಡಿ. ಅಷ್ಟರಲ್ಲಿ ಚುಕ್ಕಿಗಳ ನಡುವೆ ಒಂದು ‘ಎಫ್’ ಬಿತ್ತು. ಒಂದು ಪರೀಕ್ಷೆ ಫೇಲು.

ಮೇಲಧಿಕಾರಿಗಳು ಫೋನಿನಲ್ಲಿ, “ಸಾವಿರಾರು ಪಾಸಾಗಿವೆಯಲ್ರೀ, ಒಂದು ಹೋದ್ರೆ ಹೋಗ್ಲಿ,” ಎಂದರು. ಅವರು ಇಂದು ಬಂದಿಲ್ಲ, ಅದಕ್ಕೇ ಹೇಳುತ್ತಿದ್ದೇನೆ.

ತೀರಿಕೊಂಡವರ ಹೆಂಡತಿ ಸುಮ್ಮನಿರಲಿಲ್ಲ. “ಹೋಗ್ಲಿ ಅಂದ್ರೆ ಹೇಗೆ? ನಮ್ಮನೆಯವರಿಗೂ ಆಸ್ಪತ್ರೆ ಪರೀಕ್ಷೆ ಎಲ್ಲ ಚೆನ್ನಾಗೇ ಇತ್ತು, ಒಂದು ಬಿಟ್ಟು. ನೋಡಮ್ಮ ಅದೇನು ಅಂತ.”

ನೆರೈದಾ ಹುಡುಕಿದರು. ಬೇಸಿಗೆಯಲ್ಲಿ ಹಗಲ ಬೆಳಕು ಹೆಚ್ಚು ಸಿಗಲೆಂದು ಮಾರ್ಚಿನ ಒಂದು ಭಾನುವಾರ ನಾವು ನಡುರಾತ್ರಿಗೆ ಸರಿಯಾಗಿ ಗಡಿಯಾರವನ್ನು ಒಂದು ಗಂಟೆ ಮುಂದಕ್ಕೆ ತಿರುಗಿಸುತ್ತೇವಲ್ಲ? ಹನ್ನೆರಡಾದ ಕೂಡಲೇ ಒಂದು. ನಡುವಿನ ಆ ಗಂಟೆ ಕಂಪ್ಯೂಟರಿನ ಪಾಲಿಗೆ ಇಲ್ಲವೇ ಇಲ್ಲ. ಆ ಹೊತ್ತಿನದೆಂದು ಬರೆದ ಅಳತೆಯನ್ನು ಅದು ಸದ್ದಿಲ್ಲದೆ ಎಸೆಯುತ್ತಿತ್ತು. ನಮ್ಮ ದೊಡ್ಡ ಪ್ರವಾಹ ಬಂದದ್ದು ಯಾವ ರಾತ್ರಿ, ಸಭಿಕರೇ? ಅದೇ ರಾತ್ರಿ. ಹೊಳೆ ಎಲ್ಲಕ್ಕಿಂತ ಎತ್ತರ ಏರಿದ್ದು ಯಾವಾಗ? ಹನ್ನೆರಡೂವರೆಗೆ. ಗಡಿಯಾರ ತಿರುಗಿಸಲು ಯಾರಿಗೆ ಪುರಸೊತ್ತಿತ್ತು? ಅಳತೆಯ ಪಕ್ಕ ಹಳೆಯ ಗಂಟೆಯನ್ನೇ ಬರೆದಿಟ್ಟಿದ್ದರು.

ಆ ಹೊತ್ತಿಗೇ ನನ್ನ ತಮ್ಮ ಲಾಸಾರೊ ದೋಣಿ ಬಿಚ್ಚಲು ಹೋಗಿ ಕೊಚ್ಚಿಹೋದ. ಇದನ್ನು ಹೇಳಬೇಕೆಂದು ನಾನು ಬರೆದುಕೊಂಡು ಬಂದಿರಲಿಲ್ಲ. ಅಂಥ ಹೊತ್ತೇ ಇರಲಿಲ್ಲ ಎನ್ನುತ್ತದಲ್ಲ ಈ ಯಂತ್ರ ಎಂದು ನನಗೆ ಸಿಟ್ಟು ಬಂತು, ಅಳುವೂ ಬಂತು.

ನೆರೈದಾ ನನ್ನ ಕೈ ಹಿಡಿದು, “ಇತ್ತು ಅಂತ ಅದಕ್ಕೆ ನಾನು ಕಲಿಸ್ತೀನಿ, ಇರಿ,” ಎಂದರು. ಆ ಕೈ... ಇರಲಿ, ವಿಷಯಕ್ಕೆ ಬರುತ್ತೇನೆ.

ಸರಿಪಡಿಸಿ ಪರೀಕ್ಷೆಗಳನ್ನು ಮತ್ತೆ ನಡೆಸಿದರು. ಎಲ್ಲವೂ ಚುಕ್ಕಿಗಳೇ! ಜನ ಚಪ್ಪಾಳೆ ತಟ್ಟಿ, ಶವಪೆಟ್ಟಿಗೆ ಕಡೆ ನೋಡಿ ನಾಚಿದರು.

“ತಟ್ಟಿ, ತಟ್ಟಿ, ಅವ್ರಿಗೂ ಗಲಾಟೆ ಇಷ್ಟ,” ಎಂದರು ಆ ಹೆಂಗಸು.

ಕೈಬಿಟ್ಟಿದ್ದ ಅಳತೆ ಸೇರಿದ ಮೇಲೆ ಲೆಕ್ಕವೇ ಬೇರೆಯಾಯಿತು. ನೀರು ಬರುವುದಿಲ್ಲ ಎಂದಿದ್ದ ಎಲ್ ಮಾಂಗ್ಲಾರ್ ಕೇರಿ ಪೂರ್ತಿ ಮುಳುಗುವ ಜಾಗದಲ್ಲಿತ್ತು.

ಕಳೆದ ನವೆಂಬರಿನಲ್ಲಿ ಹೊಳೆ ಬಂದೇ ಬಂತು. ಆ ಕೇರಿಯ ಮನೆಗಳ ಕಿಟಕಿಗೆ ನೀರು ಮುಟ್ಟಿದಾಗ ಒಳಗೆ ಒಂದು ಕೋಳಿಯೂ ಇರಲಿಲ್ಲ. ನೆರೈದಾ ಅವರ ಎಚ್ಚರಿಕೆ ಸಿಕ್ಕಿದ ಜನರೆಲ್ಲ ನನ್ನ ಎರಡೂ ಹಾಲ್‌ಗಳಲ್ಲಿದ್ದರು, ಅನ್ನ ಬೀನ್ಸ್ ಬೇಯಿಸಿಕೊಂಡು, ಡಾಮಿನೋ ಆಡಿಕೊಂಡು, ಗೊರಕೆ ಹೊಡೆದುಕೊಂಡು. ನೀರಿಳಿದ ಬೆಳಿಗ್ಗೆ ನಾನು ಬಾಗಿಲು ತೆಗೆದೆ. ಒಬ್ಬ ತಾಯಿ ಮಗುವನ್ನು ಹೆಗಲಿಗೆ ಹಾಕಿಕೊಂಡು ಬಂದಳು.

“ಅಣ್ಣಾ, ಇನ್ನೊಂದು ದಿನ ಇಲ್ಲೇ ಇರ್ಲಾ?”

ನನ್ನ ಆ ಮನೆಯಲ್ಲಿ ಇಷ್ಟು ವರ್ಷ ಯಾರೂ ಕೇಳದ ಮಾತು ಅದು. ಇರಮ್ಮ, ಎಷ್ಟು ದಿನ ಬೇಕಾದರೂ ಇರು ಎಂದೆ. ಆ ಮಾತು ಕೇಳಿಸಿಕೊಳ್ಳುವ ಭಾಗ್ಯ ಕೊಟ್ಟ ನೆರೈದಾ ಅವರಿಗೆ ಧನ್ಯವಾದ, ಬದುಕಿದ್ದು ಇಲ್ಲಿ ಕುಳಿತಿರುವ ನಿಮ್ಮೆಲ್ಲರಿಗೂ ನನ್ನ ನಮಸ್ಕಾರ.